ಕ್ಯಾಂಪಿನವರೂ ಊರಿನವರೂ ಸೇರಿ ಒಂದು ಕತೆ: ಯುವಜನರ ಡಿಜಿಟಲ್ ಕತೆ ಶಿಬಿರ ನಡೆಸುವುದು ಹೇಗೆ?

ಕುಶಾಲನಗರದ ಕಾವೇರಿ ಸೇತುವೆ ದಾಟಿ ಮೈಸೂರಿನ ಕಡೆಗೆ ಬಂದರೆ ಕೊಪ್ಪ ಸಿಗುತ್ತದೆ. ಅಲ್ಲಿಂದ ಒಳಗೆ ತಿರುಗಿದರೆ ಬೈಲಕುಪ್ಪೆಯ ಟಿಬೆಟನ್ ನಿರಾಶ್ರಿತರ ಕ್ಯಾಂಪುಗಳು. ಶನಿವಾರ, ಭಾನುವಾರ ಬಂತೆಂದರೆ ಗೋಲ್ಡನ್ ಟೆಂಪಲ್ ನೋಡಲು ಬಸ್ಸುಗಟ್ಟಲೆ ಜನ ಬರುತ್ತಾರೆ. ಮೋಮೊ ತಿಂದು, ಫೋಟೊ ತೆಗೆದುಕೊಂಡು ಹೋಗುತ್ತಾರೆ. ಪ್ರವಾಸಿಗರ ಮಾತು ಬಿಡಿ, ಪಕ್ಕದ ಹಳ್ಳಿಯಲ್ಲೇ ಹುಟ್ಟಿ ಬೆಳೆದವರಿಗೂ ಕ್ಯಾಂಪಿನೊಳಗೆ ತಮ್ಮ ವಯಸ್ಸಿನ ಒಬ್ಬ ಗೆಳೆಯನೋ ಗೆಳತಿಯೋ ಇರುವುದು ಕಡಿಮೆ. ದೊಡ್ಡವರ ನಡುವೆ ವ್ಯಾಪಾರ ಇದೆ, ಹೊಲದ ಕೆಲಸ ಇದೆ, ಆಟೊ ಬಾಡಿಗೆ ಇದೆ. ಮಕ್ಕಳಿಗೆ ಶಾಲೆ ಬೇರೆ, ಭಾಷೆ ಬೇರೆ, ಹಬ್ಬ ಬೇರೆ. ಒಂದೇ ಸಂತೆಯಲ್ಲಿ ಓಡಾಡುತ್ತಾರೆ, ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲ.

ಈ ದೂರ ಕಡಿಮೆ ಮಾಡಲು ಒಂದು ಒಳ್ಳೆಯ ದಾರಿ ಇದೆ. ಇಬ್ಬಿಬ್ಬರನ್ನು ಜೋಡಿ ಮಾಡಿ, ಮೊಬೈಲಿನಲ್ಲಿ ಮೂರು ನಿಮಿಷದ ಕತೆ ಕಟ್ಟಿಸುವುದು. ಅವರದೇ ದನಿ, ಅವರದೇ ಫೋಟೊ, ಅವರದೇ ಮಾತು. ಇದಕ್ಕೆ ಡಿಜಿಟಲ್ ಸ್ಟೋರಿಟೆಲಿಂಗ್ ಅನ್ನುತ್ತಾರೆ. 1990ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡೇನಾ ಆಚ್ಲಿ, ಜೋ ಲ್ಯಾಂಬರ್ಟ್ ಮತ್ತು ಅವರ ಜೊತೆಗಾರರು ಈ ಪದ್ಧತಿಗೆ ಒಂದು ರೂಪ ಕೊಟ್ಟರು. ಎಲ್ಲರೂ ವೃತ್ತವಾಗಿ ಕೂತು ಕತೆ ಹೇಳುವುದು, ಅದನ್ನು ಚಿಕ್ಕದಾಗಿ ಬರೆಯುವುದು, ಸ್ವಂತ ದನಿಯಲ್ಲಿ ಓದಿ ರೆಕಾರ್ಡ್ ಮಾಡುವುದು, ಚಿತ್ರ ಜೋಡಿಸುವುದು. ಇಷ್ಟೇ. ಆಗ ಕಂಪ್ಯೂಟರ್ ಬೇಕಿತ್ತು, ಈಗ ಜೇಬಿನಲ್ಲಿರುವ ಫೋನೇ ಸಾಕು.

ನಾನು ಬೈಲಕುಪ್ಪೆಯನ್ನೇ ಇಟ್ಟುಕೊಂಡು ಬರೆಯುತ್ತಿದ್ದೇನೆ. ಮುಂಡಗೋಡ, ಹುಣಸೂರು ಬಳಿಯ ಗುರುಪುರ, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯದ ಟಿಬೆಟನ್ ನೆಲೆಗಳಲ್ಲೂ ಇದು ನಡೆಯುತ್ತದೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿರುವ ಸಿಂಧನೂರಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲೂ ಸ್ವಲ್ಪ ಬದಲಾವಣೆ ಮಾಡಿಕೊಂಡು ನಡೆಸಬಹುದು.

ಶುರು ಮಾಡುವ ಮೊದಲು: ಹೇಳುವವರು ಯಾರು, ಕೇಳುವವರು ಯಾರು?

ಇಂಥ ಶಿಬಿರಗಳು ಹಾಳಾಗುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ. ನಿರಾಶ್ರಿತರ ಮಕ್ಕಳು ತಮ್ಮ ಕಷ್ಟ ಹೇಳಬೇಕು, ಊರಿನ ಮಕ್ಕಳು ಕೇಳಿ ಅಯ್ಯೋ ಅನ್ನಬೇಕು. ಈ ಏರ್ಪಾಟಿನಲ್ಲಿ ಸ್ನೇಹ ಹುಟ್ಟುವುದಿಲ್ಲ. ಕರುಣೆ ತೋರಿಸಿದವರ ಮನೆಗೆ ಸುಮ್ನೆ ಹರಟೆ ಹೊಡೆಯಲು ಯಾರೂ ಹೋಗುವುದಿಲ್ಲ, ಅಲ್ವಾ?

ಇನ್ನೊಂದು ವಿಷಯವೂ ಇದೆ. ದಲೈ ಲಾಮಾ ಲಾಸಾ ಬಿಟ್ಟು ಭಾರತಕ್ಕೆ ಬಂದದ್ದು 1959ರಲ್ಲಿ. ಅಂದಿನ ಮೈಸೂರು ರಾಜ್ಯ ಸರ್ಕಾರ ಕೊಟ್ಟ ಸುಮಾರು 3,000 ಎಕರೆಯಲ್ಲಿ ಬೈಲಕುಪ್ಪೆಯ ಮೊದಲ ನೆಲೆ ಶುರುವಾದದ್ದು 1960ರ ದಶಕದ ಆರಂಭದಲ್ಲಿ. ಈಗ ಅಲ್ಲಿ ಕಾಲೇಜಿಗೆ ಹೋಗುವ ವಯಸ್ಸಿನ ಬಹಳಷ್ಟು ಮಂದಿ ಆ ಮೊದಲ ತಲೆಮಾರಿನ ಮೊಮ್ಮಕ್ಕಳು, ಮರಿಮಕ್ಕಳು. ಹುಟ್ಟಿದ್ದು ಇಲ್ಲೇ. ಟಿಬೆಟ್ ನೋಡಿಯೇ ಇಲ್ಲ. ಅವರನ್ನು ಕೂರಿಸಿ 'ಹಿಮಾಲಯ ದಾಟಿದ ಕತೆ ಹೇಳಪ್ಪಾ' ಅಂದರೆ, ಅವರು ಕೇಳಿದ್ದನ್ನು ಒಪ್ಪಿಸುತ್ತಾರೆಯೇ ಹೊರತು ತಮ್ಮ ಕತೆ ಹೇಳುವುದಿಲ್ಲ. ಅವರ ಸ್ವಂತ ಕತೆ ಇರುವುದು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ. ಜೋಳದ ಹೊಲದಲ್ಲಿ, ಆನೆ ಕಾಟದಲ್ಲಿ, ಇಲ್ಲಿ ವಾಸಕ್ಕೆ ಬೇಕಾದ ನೋಂದಣಿ ಪತ್ರ ಆರ್‌ಸಿಯ ನವೀಕರಣದ ಅಲೆದಾಟದಲ್ಲಿ, ವಿದೇಶಕ್ಕೆ ಹೋಗಿಬಿಟ್ಟ ಅಣ್ಣನ ವಿಡಿಯೊ ಕಾಲ್‌ನಲ್ಲಿ.

ಊರಿನವರೆಂದರೆ ಯಾರು ಅನ್ನುವುದನ್ನೂ ಸ್ವಲ್ಪ ನಿಧಾನವಾಗಿ ನೋಡಿ. ಪಿರಿಯಾಪಟ್ಟಣ, ಹುಣಸೂರು ತಾಲ್ಲೂಕುಗಳಲ್ಲಿ ಜೇನುಕುರುಬರ ಹಾಡಿಗಳಿವೆ. ಅವುಗಳಲ್ಲಿ ನಾಗರಹೊಳೆ ಕಾಡಿನಿಂದ ಹೊರಗೆ ಬರಬೇಕಾಗಿ ಬಂದ ಕುಟುಂಬಗಳಿವೆ. ನೆಲ ಬಿಟ್ಟು ಬಂದ ಕತೆ ಇವರಿಗೂ ಇದೆ. ಆದರೆ ಇವರನ್ನು ಯಾರೂ ನಿರಾಶ್ರಿತರು ಅನ್ನುವುದಿಲ್ಲ. ಹಾಡಿಯ ಹುಡುಗ, ಕ್ಯಾಂಪಿನ ಹುಡುಗ ಒಂದೇ ಜೋಡಿಯಾದರೆ ಎಂಥ ಮಾತು ಹೊರಡಬಹುದು, ಯೋಚನೆ ಮಾಡಿ. ಹಾಗಾಗಿ ಮೊದಲ ನಿಯಮ ಇದು: ಎಲ್ಲರೂ ಹೇಳಬೇಕು, ಎಲ್ಲರೂ ಕೇಳಬೇಕು. ಬರೀ ನೋಡಲು ಬಂದವರು ಅಂತ ಯಾರೂ ಇರಬಾರದು, ನಡೆಸುವ ನೀವೂ ಕೂಡ. ಮೊದಲ ದಿನ ನಿಮ್ಮದೂ ಒಂದು ಕತೆ ಹೇಳಿ.

ಒಪ್ಪಿಗೆ, ಜಾಗ, ಸಮಯ

ಕ್ಯಾಂಪಿನ ಕಡೆ ಮೊದಲು ಅಲ್ಲಿನ ಆಡಳಿತ ನೋಡುವ ಸೆಟ್ಲ್‌ಮೆಂಟ್ ಆಫೀಸಿಗೆ ಹೋಗಿ. ಅಲ್ಲಿನ ಅಧಿಕಾರಿಗೆ ವಿಷಯ ತಿಳಿಸಿ, ಬರವಣಿಗೆಯಲ್ಲಿ ಕೊಡಿ. ಊರಿನ ಕಡೆ ಗ್ರಾಮ ಪಂಚಾಯಿತಿ, ಪಿಯು ಕಾಲೇಜಿನ ಪ್ರಾಂಶುಪಾಲರು, ಯುವಕ ಸಂಘ ಇದ್ದರೆ ಅದರವರು. ಮಠದ ಯುವ ಭಿಕ್ಷುಗಳನ್ನು ಸೇರಿಸಿಕೊಳ್ಳುವ ಆಸೆ ಇದ್ದರೆ ಮಠದ ಆಡಳಿತದ ಒಪ್ಪಿಗೆ ಬೇರೆಯೇ ಬೇಕು. ಅವರ ದಿನಚರಿ ಬೆಳಗಿನ ಜಾವದಿಂದಲೇ ತುಂಬಿರುತ್ತದೆ. ನಮಗೆ ಬೇಕಾದ ಹೊತ್ತಿಗೆ ಅವರು ಸಿಗುತ್ತಾರೆ ಅಂದುಕೊಳ್ಳಬೇಡಿ.

ವಿದೇಶದಿಂದ ತರಬೇತುದಾರರನ್ನು ಕರೆಸುವ ಯೋಚನೆ ಇದ್ದರೆ ಒಂದು ಮಾತು. ವಿದೇಶಿಯರು ಬೈಲಕುಪ್ಪೆಯ ಟಿಬೆಟನ್ ನೆಲೆಯಲ್ಲಿ ರಾತ್ರಿ ತಂಗಬೇಕಾದರೆ ಕೇಂದ್ರ ಸರ್ಕಾರದಿಂದ ಪಿಎಪಿ, ಅಂದರೆ ಸಂರಕ್ಷಿತ ಪ್ರದೇಶದ ಅನುಮತಿ ಪತ್ರ ಬೇಕು. ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕಾಗುತ್ತದೆ. ನನ್ನ ಕೇಳಿದರೆ ಅದರ ಅಗತ್ಯವೇ ಇಲ್ಲ. ಮೈಸೂರಿನಲ್ಲೋ ಮಡಿಕೇರಿಯಲ್ಲೋ ವಿಡಿಯೊ ಎಡಿಟಿಂಗ್ ಬಲ್ಲ ಒಬ್ಬರು, ಕ್ಯಾಂಪಿನಲ್ಲೇ ಓದಿದ ಒಬ್ಬ ಟಿಬೆಟನ್ ಶಿಕ್ಷಕರು, ಊರಿನ ಕಡೆಯಿಂದ ಮಕ್ಕಳಿಗೆ ಗೊತ್ತಿರುವ ಒಬ್ಬ ಅಕ್ಕನೋ ಅಣ್ಣನೋ. ಈ ಮೂವರಿದ್ದರೆ ಸಾಕು.

ಸಮಯ ನೋಡಿಕೊಳ್ಳುವುದು ಅನುಮತಿಗಿಂತ ಕಷ್ಟ. ಟಿಬೆಟನ್ ಹೊಸ ವರ್ಷ ಲೋಸರ್ ಫೆಬ್ರವರಿ–ಮಾರ್ಚ್ ಸುಮಾರಿಗೆ ಬರುತ್ತದೆ. ಅದೇ ಹೊತ್ತಿಗೆ ನಮ್ಮ ಮಕ್ಕಳಿಗೆ ಪರೀಕ್ಷೆ. ಮಾರ್ಚ್ 10 ಟಿಬೆಟನ್ನರಿಗೆ 1959ರ ದಂಗೆಯ ನೆನಪಿನ ದಿನ, ಅಂದು ಬೇರೆ ಕಾರ್ಯಕ್ರಮ ಇಟ್ಟುಕೊಳ್ಳಬಾರದು. ಚಳಿಗಾಲದಲ್ಲಿ ಕ್ಯಾಂಪಿನ ಎಷ್ಟೋ ಮನೆಗಳ ದೊಡ್ಡವರು ಸ್ವೆಟರ್ ಮಾರಲು ಬೇರೆ ಬೇರೆ ಊರುಗಳಿಗೆ ಹೋಗಿರುತ್ತಾರೆ. ಆಗ ಮಕ್ಕಳು ಬಿಡುವಾಗಿದ್ದರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಮನೆಯಲ್ಲಿ ಯಾರೂ ಇರುವುದಿಲ್ಲ. ಎರಡೂ ಕಡೆಯ ಶಾಲೆಗಳ ರಜೆ ಪಟ್ಟಿ ತಂದು ಅಕ್ಕಪಕ್ಕ ಇಟ್ಟು ನೋಡಿ. ಒಟ್ಟಿಗೆ ಐದು ದಿನ ಸಿಗದಿದ್ದರೆ ಏಳೆಂಟು ಭಾನುವಾರಗಳಾಗಿ ಹಂಚಿಕೊಳ್ಳಿ. ನಿಜ ಹೇಳಬೇಕೆಂದರೆ ಭಾನುವಾರಗಳೇ ಮೇಲು. ನಡುವಿನ ವಾರದಲ್ಲಿ ಜೋಡಿಗಳು ತಾವಾಗಿಯೇ ಫೋನ್ ಮಾಡಿಕೊಳ್ಳುತ್ತಾರೆ.

ಜಾಗ ಒಂದೇ ಕಡೆ ಇರಬಾರದು. ಅರ್ಧ ದಿನಗಳು ಕ್ಯಾಂಪಿನ ಹಾಲ್‌ನಲ್ಲಿ, ಅರ್ಧ ದಿನಗಳು ಊರಿನ ಶಾಲೆಯಲ್ಲಿ. ಹುಡುಗಿಯರಿಗೆ ವಾಪಸ್ಸು ಹೋಗಲು ಸಂಜೆ ಐದರ ಒಳಗೆ ಆಟೊ ಗೊತ್ತು ಮಾಡಿ. ಇದನ್ನು ಮೊದಲೇ ಹೇಳಿದರೆ ಮನೆಯವರು ಕಳಿಸುತ್ತಾರೆ.

ಯಾರನ್ನು ಸೇರಿಸಬೇಕು?

ಹತ್ತರಿಂದ ಹನ್ನೆರಡು ಜನ. ಅದಕ್ಕಿಂತ ಜಾಸ್ತಿ ಆದರೆ ಕತೆ ಕೇಳಲು ಸಮಯ ಸಾಲುವುದಿಲ್ಲ. ಎರಡೂ ಕಡೆಯಿಂದ ಸಮ ಸಮ. ವಯಸ್ಸು 16ರಿಂದ 22. ಚೆನ್ನಾಗಿ ಭಾಷಣ ಮಾಡುವವರನ್ನೇ ಶಾಲೆಯವರು ಕಳಿಸುತ್ತಾರೆ. ಮಾತು ಕಡಿಮೆ ಇರುವವರನ್ನೂ, ಓದು ಬಿಟ್ಟು ಅಂಗಡಿಯಲ್ಲಿ ಕೂತವರನ್ನೂ ನೀವೇ ಹುಡುಕಿ ಕರೆಯಿರಿ.

ಭಾಷೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಕ್ಯಾಂಪಿನ ಯುವಕರಿಗೆ ಟಿಬೆಟನ್, ಹಿಂದಿ, ಇಂಗ್ಲಿಷ್ ಬರುತ್ತದೆ, ಸಾಕಷ್ಟು ಜನಕ್ಕೆ ಕನ್ನಡವೂ ಬರುತ್ತದೆ. ಊರಿನವರಿಗೆ ಕನ್ನಡ, ಒಂದಿಷ್ಟು ಹಿಂದಿ. ಎಲ್ಲ ಕಲಸಿ ಮಾತಾಡಲಿ. ಇಂಗ್ಲಿಷ್ ಮಾತ್ರ ಶಿಬಿರದ ಭಾಷೆ ಆಗದಂತೆ ನೋಡಿಕೊಳ್ಳಿ. ಹಾಗಾದರೆ ಕಾನ್ವೆಂಟಿನಲ್ಲಿ ಓದಿದ ಇಬ್ಬರದೇ ರಾಜ್ಯ.

ಮೊದಲ ದಿನ: ಕ್ಯಾಮೆರಾ ತೆಗೆಯಬೇಡಿ

ಪರಿಚಯಕ್ಕೆ ಆಟಗಳು ಬಹಳ ಇವೆ. ನನಗೆ ಇಷ್ಟವಾದದ್ದು ಅಕ್ಷರದ ಆಟ. ಕಪ್ಪು ಹಲಗೆಯ ಒಂದು ಕಡೆ ಕನ್ನಡದ ಹುಡುಗಿ ಕ, ಖ, ಗ, ಘ, ಙ ಬರೆಯಲಿ. ಇನ್ನೊಂದು ಕಡೆ ಟಿಬೆಟನ್ ಹುಡುಗ ತನ್ನ ವರ್ಣಮಾಲೆ ಬರೆದು ಜೋರಾಗಿ ಓದಲಿ: ಕ, ಖ, ಗ, ಙ. ಮುಂದಿನ ಸಾಲು ಚ, ಛ, ಜ, ಞ. ಆಮೇಲೆ ತ, ಥ, ದ, ನ. ಮಕ್ಕಳು ಬೆರಗಾಗುತ್ತಾರೆ. ಎರಡೂ ಲಿಪಿಗಳ ಬೇರು ಬ್ರಾಹ್ಮಿ, ಅದಕ್ಕೇ ಸಾಲುಗಳ ಕ್ರಮ ಒಂದೇ. ಅಕ್ಷರದ ಕೆಳಗೆ ಇನ್ನೊಂದು ಅಕ್ಷರ ಕೂರಿಸುವುದು ಅವರಲ್ಲೂ ಇದೆ. ಅರ್ಧ ಗಂಟೆಯಲ್ಲಿ ಎಲ್ಲರೂ ತಮ್ಮ ಜೋಡಿಯ ಹೆಸರನ್ನು ಆ ಕಡೆಯ ಲಿಪಿಯಲ್ಲಿ ಬರೆಯಲು ಕಲಿಯುತ್ತಾರೆ. ಇದು ಮುಂದೆ ಸಬ್‌ಟೈಟಲ್ ಮಾಡುವಾಗಲೂ ಉಪಯೋಗಕ್ಕೆ ಬರುತ್ತದೆ.

ಮಧ್ಯಾಹ್ನ ನಕ್ಷೆ ಬಿಡಿಸಿ. ದೊಡ್ಡ ಕಾಗದದ ಮೇಲೆ ಕುಶಾಲನಗರ, ಕೊಪ್ಪ, ಕ್ಯಾಂಪುಗಳು, ಹೊಳೆ, ಬಸ್ ಸ್ಟಾಪು, ಸಂತೆ. ಪ್ರತಿಯೊಬ್ಬರೂ ದಿನಾ ಹೋಗುವ ದಾರಿಗೆ ಒಂದು ಬಣ್ಣ ಹಾಕಲಿ. ಯಾವತ್ತೂ ಹೋಗದ ಜಾಗಕ್ಕೆ ಇನ್ನೊಂದು ಬಣ್ಣ. ಬಣ್ಣಗಳು ಒಂದರ ಮೇಲೊಂದು ಬರುವ ಜಾಗಗಳೇ ನಿಮ್ಮ ಕತೆಗಳ ಗಣಿ. ಸಂಜೆ ಆ ಜಾಗಗಳಿಗೆ ನಡೆದುಕೊಂಡು ಹೋಗಿ ಬನ್ನಿ.

ಕತೆಯ ವೃತ್ತ

ಎರಡನೇ ದಿನ ಇಡೀ ಹೊತ್ತು ಇದಕ್ಕೇ ಇಡಿ. ಇಡೀ ಕೆಲಸದ ಜೀವ ಇಲ್ಲಿದೆ. ವೃತ್ತವಾಗಿ ಕೂರಿ, ಫೋನುಗಳು ಒಂದು ಬುಟ್ಟಿಯಲ್ಲಿರಲಿ. ಒಬ್ಬೊಬ್ಬರಿಗೆ ಸುಮಾರು ಹತ್ತು ನಿಮಿಷ. ಹೇಳುತ್ತಿರುವಾಗ ಯಾರೂ ಮಧ್ಯೆ ಬಾಯಿ ಹಾಕುವಂತಿಲ್ಲ. ಮುಗಿದ ಮೇಲೆ ಸಲಹೆ ಕೊಡುವ ಹಾಗಿಲ್ಲ, ಪ್ರಶ್ನೆ ಕೇಳಬಹುದು. 'ಆಗ ನಿಮ್ಮಜ್ಜಿ ಏನಂದ್ರು?', 'ಆ ರಸ್ತೆ ಎಲ್ಲಿ ಬರುತ್ತೆ?' ಇಂಥ ಪ್ರಶ್ನೆ. ಹೇಳುವವರು 'ಇದು ಹೊರಗೆ ಹೋಗೋದು ಬೇಡ' ಅಂದರೆ ಅದು ಅಲ್ಲಿಗೇ ನಿಂತಿತು.

ವಿಷಯವನ್ನು ನೇರವಾಗಿ ಕೊಡಬೇಡಿ. 'ನಿರಾಶ್ರಿತರ ಬದುಕು', 'ಸೌಹಾರ್ದತೆ' ಅಂತ ಕೊಟ್ಟರೆ ಪ್ರಬಂಧ ಸ್ಪರ್ಧೆ ಆಗಿಬಿಡುತ್ತದೆ. ಬದಲಿಗೆ ಮನೆಯಿಂದ ಒಂದು ವಸ್ತು ತರಲು ಹೇಳಿ. ಹಳೆಯ ಪಡಿತರ ಚೀಟಿ, ಸ್ವೆಟರ್ ಕಟ್ಟುವ ಚೀಲ, ಜೋಳ ಬಿಡಿಸುವ ಸಾಧನ, ಅಜ್ಜನ ಟಾರ್ಚು, ಬಸ್ ಪಾಸು. ಅಥವಾ ಇಂಥ ಪ್ರಶ್ನೆ ಇಡಿ: ನಿಮ್ಮ ಮನೆಯಲ್ಲಿ ಮೊದಲು ಊರು ಬಿಟ್ಟವರು ಯಾರು? ಆನೆ ಬಂದ ರಾತ್ರಿ ಏನಾಯಿತು? ಯಾವ ಅಂಗಡಿಯಲ್ಲಿ ನಿಮ್ಮ ಹೆಸರು ಹಿಡಿದು ಕರೆಯುತ್ತಾರೆ? ನಿಮ್ಮಜ್ಜಿ, ಅವರ ಮೊಲಾ ಎಲ್ಲಾದರೂ ಭೇಟಿಯಾಗಿರಬಹುದಾ?

ಕೊನೆಯ ಪ್ರಶ್ನೆ ಸುಮ್ನೆ ಹಾಕಿದ್ದಲ್ಲ. ಮೊಲಾ ಅಂದರೆ ಟಿಬೆಟನ್ನರ ಮನೆಯ ಅಜ್ಜಿ. 1960ರ ದಶಕದಲ್ಲಿ ಇಲ್ಲಿಗೆ ಬಂದವರು ಕಾಡು ಕಡಿದು ಹೊಲ ಮಾಡಿದರು. ಇಲ್ಲಿನ ಸೆಕೆ, ಕಾಯಿಲೆ, ಆನೆ ಎಲ್ಲವನ್ನೂ ಎದುರಿಸಿದರು. ಆ ದಿನಗಳನ್ನು ನೋಡಿದ ಅಜ್ಜಅಜ್ಜಿಯರು ಕ್ಯಾಂಪಿನಲ್ಲೂ ಇದ್ದಾರೆ, ಸುತ್ತಲಿನ ಹಳ್ಳಿಗಳಲ್ಲೂ ಇದ್ದಾರೆ. ಕ್ಯಾಂಪಿನ ಮೊದಲ ಮಳೆಗಾಲ ಹೇಗಿತ್ತು ಅಂತ ಊರಿನ ಅಜ್ಜನನ್ನು ಕೇಳಿದವರು ಕಡಿಮೆ. ಕೇಳಲು ಇನ್ನು ಹೆಚ್ಚು ಕಾಲ ಉಳಿದಿಲ್ಲ. ಒಂದು ಮಧ್ಯಾಹ್ನ ಜೋಡಿಗಳನ್ನು ಎರಡೂ ಕಡೆಯ ಹಿರಿಯರ ಬಳಿ ಕಳಿಸಿ. ಟಿಬೆಟನ್ ಹುಡುಗ ತನ್ನ ಮೊಲಾ ಹೇಳಿದ್ದನ್ನು ಗೆಳತಿಗೆ ತಿಳಿಸಲಿ, ಅವಳು ತನ್ನ ತಾತ ಹೇಳಿದ್ದನ್ನು ಅವನಿಗೆ ತಿಳಿಸಲಿ. ಅದನ್ನು ರೆಕಾರ್ಡ್ ಮಾಡಿಕೊಳ್ಳಲಿ. ಕತೆಯಲ್ಲಿ ಬಳಸದಿದ್ದರೂ ಆ ಧ್ವನಿಮುದ್ರಣ ಎರಡೂ ಮನೆಗಳಿಗೆ ಆಸ್ತಿ.

ಜೋಡಿ ಕತೆ ಹೇಗಿರಬಹುದು?

ಒಂದು ಮಾದರಿ ಕೊಡುತ್ತೇನೆ. ಇದು ನಾನು ಬರೆದ ಕಲ್ಪನೆ. ಆದರೆ ಇದರಲ್ಲಿರುವ ಬದುಕು ಆ ಸೀಮೆಯಲ್ಲಿ ನಿಮಗೆ ದಿನವೂ ಕಾಣುತ್ತದೆ. ಕ್ಯಾಂಪಿನ ಒಬ್ಬಳು, ಹಳ್ಳಿಯ ಒಬ್ಬಳು. ಸರದಿ ಪ್ರಕಾರ ಮಾತಾಡುತ್ತಾರೆ.

ಮೊದಲ ದನಿ: "ಅಕ್ಟೋಬರ್ ಬಂದರೆ ನಮ್ಮ ಅಮಾ-ಲಾ ಚೀಲ ಕಟ್ಟುತ್ತಾರೆ. ಸ್ವೆಟರ್ ಮಾರೋಕೆ ಹೋದರೆ ವಾಪಸ್ಸು ಬರೋದು ಜನವರಿಗೆ. ಅಲ್ಲಿತನಕ ಮನೆಯಲ್ಲಿ ನಾನು, ಮೊಲಾ, ನಾಯಿ."

ಎರಡನೇ ದನಿ: "ನಮ್ಮವ್ವ ಡಿಸೆಂಬರಿಂದ ಕೊಡಗಿಗೆ ಕಾಫಿ ಕುಯ್ಯೋಕೆ ಹೋಯ್ತಳೆ. ಬೆಳಗ್ಗೆ ಆರಕ್ಕೆ ಜೀಪು ಬತ್ತದೆ. ನಾನು ಏಳೋ ಹೊತ್ತಿಗೆ ಅವ್ವ ಇರಲ್ಲ. ಒಲೆ ಮಾತ್ರ ಬಿಸಿ ಇರ್ತದೆ."

ಮೊದಲ ದನಿ: "ಫೋನ್ ಮಾಡಿದಾಗ ಅಮಾ-ಲಾ ಕೇಳೋದು ಒಂದೇ. ಊಟ ಆಯ್ತಾ?"

ಎರಡನೇ ದನಿ: "ಅವ್ವನೂ ಅಷ್ಟೇ. ಉಂಡ್ಯಾ ಮಗ?"

ಮೊದಲ ದನಿ: "ನಮ್ಮೂರಲ್ಲಿ ಚಳಿ ಇದ್ದಾಗ ಅಮ್ಮ ಇರಲ್ಲ ಅಂತ ನಾನು ಹೇಳಿದೆ. ಇವಳು ನಕ್ಕಳು. ನಮ್ಮನೇಲೂ ಹಂಗೇ ಅಂದಳು."

ಇದರಲ್ಲಿ ದೇಶ, ಗಡಿ, ಇತಿಹಾಸ ಯಾವುದೂ ಬರಲಿಲ್ಲ. ಆದರೂ ನೋಡಿದವರಿಗೆ ಸ್ವೆಟರ್ ವ್ಯಾಪಾರ ಯಾಕೆ, ಕಾಫಿ ತೋಟದ ಕೂಲಿ ಯಾಕೆ ಅನ್ನುವ ಪ್ರಶ್ನೆ ತಾನಾಗಿ ಏಳುತ್ತದೆ. ಹಳ್ಳಿ ಹುಡುಗಿಯ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. 'ಹೋಯ್ತಳೆ' ಅನ್ನುವುದು 'ಹೋಗುತ್ತಾಳೆ' ಆದ ಕೂಡಲೇ ಅದು ಅವಳ ದನಿಯಾಗಿ ಉಳಿಯುವುದಿಲ್ಲ. ಕ್ಯಾಂಪಿನ ಹುಡುಗಿ ಕನ್ನಡದಲ್ಲೇ ಹೇಳಬೇಕೆಂದೂ ಇಲ್ಲ. ಟಿಬೆಟನ್‌ನಲ್ಲಿ ಹೇಳಲಿ, ಕೆಳಗೆ ಕನ್ನಡ ಬರಲಿ.

ಬರವಣಿಗೆ

ಮೂರು ನಿಮಿಷಕ್ಕೆ ಸುಮಾರು 250 ಪದ. ಕನ್ನಡದಲ್ಲಿ ನಿಧಾನವಾಗಿ ಓದಿದರೆ ನಿಮಿಷಕ್ಕೆ 80–100 ಪದ ಬರುತ್ತದೆ, ನಡುವೆ ಒಂದಿಷ್ಟು ಮೌನಕ್ಕೂ ಜಾಗ ಬೇಕು. ಮೊದಲು ಬಾಯಲ್ಲಿ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ, ಆಮೇಲೆ ಅದನ್ನು ಕೇಳಿ ಬರೆದುಕೊಳ್ಳಿ. ನೇರವಾಗಿ ಬರೆಯಲು ಕೂತರೆ 'ನಮ್ಮ ದೇಶವು ವಿವಿಧತೆಯಲ್ಲಿ ಏಕತೆ' ಅಂತ ಶುರುವಾಗುತ್ತದೆ. ಕೊನೆಯಲ್ಲಿ ನೀತಿ ಹೇಳುವ ಸಾಲು ಇದ್ದರೆ ತೆಗೆಸಿ. ಜೋಡಿಗಳಿಗೆ ಒಂದೇ ಕತೆ ಸಿಗದಿದ್ದರೆ ಒತ್ತಾಯ ಬೇಡ. ಇಬ್ಬರೂ ಬೇರೆ ಬೇರೆ ಕತೆ ಮಾಡಲಿ, ಒಬ್ಬರ ಕತೆಗೆ ಇನ್ನೊಬ್ಬರು ಕ್ಯಾಮೆರಾ ಹಿಡಿಯಲಿ.

ದನಿ ಮತ್ತು ಚಿತ್ರ

ಚಿತ್ರ ಸ್ವಲ್ಪ ಮಂಕಾದರೂ ಜನ ನೋಡುತ್ತಾರೆ. ದನಿ ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಆದ್ದರಿಂದ ಮೊದಲು ದನಿ. ಫ್ಯಾನ್ ಆಫ್ ಮಾಡಿ, ಕಿಟಕಿ ಮುಚ್ಚಿ. ಖಾಲಿ ಕೋಣೆ ಗುಂಯ್ ಅನ್ನುತ್ತದೆ, ಹಾಸಿಗೆ, ಬಟ್ಟೆ ತುಂಬಿದ ಕೋಣೆ ಒಳ್ಳೆಯದು. ದಪ್ಪ ಕಂಬಳಿ ಹೊದ್ದುಕೊಂಡು ಅದರೊಳಗೆ ಓದಿದರೆ ಇನ್ನೂ ಚೆನ್ನ. ಫೋನ್ ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ. ಕೆಲವು ನೂರು ರೂಪಾಯಿಗೆ ಕಾಲರ್ ಮೈಕ್ ಸಿಗುತ್ತದೆ, ಎರಡು ಇದ್ದರೆ ಎಲ್ಲರಿಗೂ ಸಾಲುತ್ತದೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕುವುದು ಮರೆಯಬೇಡಿ.

ಊರಿನ ಶಬ್ದಗಳನ್ನೂ ಸಂಗ್ರಹಿಸಲಿ. ಪ್ರಾರ್ಥನಾ ಚಕ್ರದ ಕಿರ್ ಶಬ್ದ, ಬಾವುಟಗಳ ಪಟಪಟ, ಕುಕ್ಕರ್ ಸೀಟಿ, ಕುಶಾಲನಗರ ಸ್ಟ್ಯಾಂಡಿನ ಕಂಡಕ್ಟರ್ ಕೂಗು, ತಮಟೆ. ಮಠದ ಉದ್ದನೆಯ ಕಹಳೆ ದುಂಗ್‌ಚೆನ್ ಹತ್ತಿರದಿಂದ ರೆಕಾರ್ಡ್ ಮಾಡಿದರೆ ಫೋನಿನ ಮೈಕ್ ಒಡೆದ ಹಾಗೆ ಕೇಳಿಸುತ್ತದೆ, ಅಂಗಳದ ಆಚೆ ನಿಂತು ಹಿಡಿಯಿರಿ. ಪೂಜೆ ನಡೆಯುವಾಗ ಕೇಳದೆ ಯಾವುದನ್ನೂ ರೆಕಾರ್ಡ್ ಮಾಡುವಂತಿಲ್ಲ. ಸಂಗೀತ ಬೇಕಿದ್ದರೆ ಸಿನಿಮಾ ಹಾಡು ಹಾಕಬೇಡಿ, ಹಕ್ಕುಸ್ವಾಮ್ಯದ ತೊಂದರೆ ಬರುತ್ತದೆ. ಕ್ಯಾಂಪಿನಲ್ಲಿ ದ್ರಾನ್ಯೆನ್ ತಂತಿವಾದ್ಯ ನುಡಿಸುವವರು ಸಿಗುತ್ತಾರೆ. ಊರಿನಲ್ಲಿ ಕೊಳಲು ಊದುವವರೂ ಸಿಗುತ್ತಾರೆ. ಇಬ್ಬರನ್ನೂ ಕೂರಿಸಿ ಎರಡು ನಿಮಿಷ ನುಡಿಸಲು ಹೇಳಿ.

ಚಿತ್ರಗಳು ಇಪ್ಪತ್ತು ಇದ್ದರೆ ಧಾರಾಳ. ಫೋನ್ ಅಡ್ಡ ಹಿಡಿಯಲಿ, ಎಲ್ಲರೂ ಒಂದೇ ರೀತಿ. 'ಸ್ವೆಟರ್' ಅಂದಾಗ ಸ್ವೆಟರ್, 'ಜೀಪು' ಅಂದಾಗ ಜೀಪು ತೋರಿಸುವ ಚಟ ಎಲ್ಲರಿಗೂ ಇರುತ್ತದೆ. ಮೇಲಿನ ಕತೆಯಲ್ಲಿ ಖಾಲಿ ಬಟ್ಟೆ ಹಗ್ಗ, ಒಲೆಯ ಕೆಂಡ, ಎರಡು ಜೊತೆ ಚಪ್ಪಲಿ ಇರಬೇಕಾದ ಕಡೆ ಒಂದು ಜೊತೆ ಸಾಕು. ಮುಖ ಕಾಣಿಸುವುದು ಇಷ್ಟವಿಲ್ಲದವರು ಕೈಗಳನ್ನು ತೆಗೆಯಲಿ, ಚಿತ್ರ ಬರೆದು ಅದರ ಫೋಟೊ ಹಾಕಲಿ.

ಜೋಡಿಸುವುದು, ಸಬ್‌ಟೈಟಲ್ ಹಾಕುವುದು

ಕೈನ್‌ಮಾಸ್ಟರ್, ಇನ್‌ಶಾಟ್‌ನಂಥ ಆ್ಯಪ್ ಬಹಳಷ್ಟು ಮಕ್ಕಳಿಗೆ ಆಗಲೇ ಗೊತ್ತಿರುತ್ತದೆ. ಉಚಿತ ಆವೃತ್ತಿಯಲ್ಲಿ ಆ್ಯಪಿನ ಗುರುತು ಮೂಲೆಯಲ್ಲಿ ಬರುತ್ತದೆ, ಪರವಾಗಿಲ್ಲ. ಮೊದಲು ದನಿಯ ಪಟ್ಟಿ ಹಾಕಿ, ಅದಕ್ಕೆ ಸರಿಯಾಗಿ ಚಿತ್ರ ಕೂರಿಸಿ, ಕೊನೆಗೆ ಹಿನ್ನೆಲೆ ಶಬ್ದ. ಚಿತ್ರ ಹಾರುವುದು, ತಿರುಗುವುದು, ಮಿನುಗುವುದು ಯಾವುದೂ ಬೇಡ.

ಸಬ್‌ಟೈಟಲ್‌ಗೆ ಒಂದು ಪೂರ್ತಿ ದಿನ ಕೊಡಿ. ಇದನ್ನು ನೀವು ಮಾಡಬೇಡಿ, ಜೋಡಿಗೇ ಬಿಡಿ. ಟಿಬೆಟನ್ ದನಿಗೆ ಕನ್ನಡ ಸಾಲು ಬರೆಯಬೇಕಾದವರು ಕನ್ನಡದ ಜೊತೆಗಾರರು. ಕನ್ನಡ ದನಿಗೆ ಟಿಬೆಟನ್ ಸಾಲು ಬರೆಯಬೇಕಾದವರು ಕ್ಯಾಂಪಿನ ಜೊತೆಗಾರರು. ಒಂದು ಸಾಲು ಕೇಳುತ್ತಾರೆ, ನಿಲ್ಲಿಸುತ್ತಾರೆ. 'ಹಂಗಂದ್ರೆ ಏನು?' 'ಕೋಪದಲ್ಲಿ ಅಂದ್ರಾ, ತಮಾಷೆಗೆ ಅಂದ್ರಾ?' ಮತ್ತೆ ಕೇಳುತ್ತಾರೆ. ಪಕ್ಕಪಕ್ಕ ಕೂತು ಒಬ್ಬರ ಬದುಕನ್ನು ಇನ್ನೊಬ್ಬರು ಸಾಲು ಸಾಲಾಗಿ ಅರ್ಥ ಮಾಡಿಕೊಳ್ಳುವುದು ಈ ಹೊತ್ತಿನಲ್ಲಿ. ಯಂತ್ರಕ್ಕೆ ಕೊಟ್ಟರೆ ಐದು ನಿಮಿಷದ ಕೆಲಸ. ಕೊಡಬೇಡಿ. ಈ ಶಿಬಿರ ಮಾಡುತ್ತಿರುವುದೇ ಈ ಎರಡು ಮೂರು ಗಂಟೆಗಾಗಿ.

ತಾಂತ್ರಿಕವಾಗಿ ಒಂದು ತೊಡಕಿದೆ. ಕೆಲವು ಆ್ಯಪುಗಳಲ್ಲಿ ಕನ್ನಡದ ಒತ್ತಕ್ಷರ ಬಿಡಿಬಿಡಿಯಾಗುತ್ತದೆ, ಟಿಬೆಟನ್ ಅಕ್ಷರಗಳಿಗೂ ಅದೇ ಗತಿ. ಮೊದಲೇ 'ಕ್ಯಾಂಪ್' ಅಂತ ಟೈಪ್ ಮಾಡಿ ನೋಡಿ. ಒಡೆದರೆ ಸಾಲನ್ನು ಬೇರೆ ಕಡೆ ಟೈಪ್ ಮಾಡಿ, ಚಿತ್ರವಾಗಿ ಉಳಿಸಿ, ವಿಡಿಯೊದ ಮೇಲೆ ಅಂಟಿಸಿ. ಜೀಬೋರ್ಡ್‌ನಲ್ಲಿ ಎರಡೂ ಲಿಪಿಗಳ ಕೀಲಿಮಣೆ ಇದೆ.

ಸುರಕ್ಷತೆ: ಇಲ್ಲಿ ಅವಸರ ಬೇಡ

ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಟಿಬೆಟನ್ನರು ಆರ್‌ಸಿ ಅನ್ನುವ ನೋಂದಣಿ ಪತ್ರದ ಮೇಲೆ ಇಲ್ಲಿ ವಾಸವಾಗಿದ್ದಾರೆ. ಕೆಲವರು ಭಾರತೀಯ ಪೌರರು. ಯಾರು ಯಾವ ಸ್ಥಿತಿಯಲ್ಲಿದ್ದಾರೆ ಅಂತ ವೃತ್ತದಲ್ಲಿ ಕೇಳಬೇಡಿ. ದಾಖಲೆಗಳ ಫೋಟೊ ಕತೆಯಲ್ಲಿ ಬಂದರೆ ಸಂಖ್ಯೆ, ಹೆಸರು, ವಿಳಾಸ ಮುಚ್ಚಿ.

ಬಹಳ ಮುಖ್ಯವಾದದ್ದು: ಟಿಬೆಟ್‌ನಲ್ಲಿ ಇನ್ನೂ ಇರುವ ಬಂಧುಗಳ ಹೆಸರು, ಊರು, ಫೋಟೊ ಬೇಡವೇ ಬೇಡ. ಇಲ್ಲಿ ಹಾಕಿದ ಒಂದು ವಿಡಿಯೊದಿಂದ ಅಲ್ಲಿರುವವರಿಗೆ ತೊಂದರೆ ಆಗಬಹುದು. ದೊಡ್ಡವರಾದ ಮೇಲೆ ಒಬ್ಬರೇ ಅಲ್ಲಿಂದ ಬಂದವರು ನಿಮ್ಮ ಗುಂಪಿನಲ್ಲಿದ್ದರೆ ಅವರ ಕತೆಯನ್ನು ಬೇರೆಯವರ ದನಿಯಲ್ಲಿ ಓದಿಸಬಹುದು. ಇನ್ನೂ ಅಭದ್ರ ಸ್ಥಿತಿಯಲ್ಲಿರುವ ಬೇರೆ ನಿರಾಶ್ರಿತ ಸಮುದಾಯಗಳೊಂದಿಗೆ ಕೆಲಸ ಮಾಡುವುದಾದರೆ ಮುಖ, ಜಾಗ, ನಿಜ ಹೆಸರು ಮೂರೂ ಇಲ್ಲದೆ ಕತೆ ಕಟ್ಟುವುದನ್ನು ಮೊದಲ ದಿನವೇ ಕಲಿಸಿ.

ಫೋನ್ ಕ್ಯಾಮೆರಾದ ಲೊಕೇಶನ್ ಆಫ್ ಮಾಡಿಸಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಗುಣಮಟ್ಟ ಉಳಿಯುತ್ತದೆ, ಆದರೆ ಫೋಟೊ ತೆಗೆದ ಜಾಗದ ಮಾಹಿತಿಯೂ ಅದರ ಜೊತೆಗೇ ಆ ಕಡೆಯವರಿಗೆ ತಲುಪಿಬಿಡುತ್ತದೆ.

ಒಪ್ಪಿಗೆ ಪತ್ರ ಮೂರು ಭಾಷೆಯಲ್ಲಿರಲಿ, ಒಂದೇ ಪುಟ ಇರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದೇ ನೋಡುತ್ತದೆ, ತಂದೆ ತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕು. ಒಪ್ಪಿಗೆಯನ್ನು ಎರಡು ಸಲ ಕೇಳಿ: ಶುರುವಿನಲ್ಲಿ ಒಮ್ಮೆ, ಕತೆ ಸಿದ್ಧವಾದ ಮೇಲೆ ಇನ್ನೊಮ್ಮೆ. ಊರಲ್ಲಿ ತೋರಿಸಲು ಒಪ್ಪಿದವರು ಯೂಟ್ಯೂಬ್‌ಗೆ ಒಪ್ಪದೇ ಇರಬಹುದು. ಮುಂದೆ ಯಾವತ್ತಾದರೂ ಬೇಡ ಅಂದರೆ ತೆಗೆಯುತ್ತೇವೆ ಅಂತ ಬರೆದು ಕೊಡಿ, ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನೂ ಬರೆಯಿರಿ.

ಕತೆ ಹೇಳುವಾಗ ಯಾರಾದರೂ ಅತ್ತರೆ ಗಾಬರಿ ಆಗಬೇಡಿ, ಕ್ಯಾಮೆರಾ ಹತ್ತಿರ ತರಲೂ ಬೇಡಿ. ಜೊತೆಗೆ ಒಬ್ಬರು ಹೊರಗೆ ಹೋಗಿ ಕೂರಲಿ. ಹತ್ತಿರದಲ್ಲಿ ಆಪ್ತಸಲಹೆ ಕೊಡುವವರು ಯಾರಿದ್ದಾರೆ ಅನ್ನುವುದು ನಿಮಗೆ ಮೊದಲೇ ಗೊತ್ತಿರಬೇಕು.

ತೋರಿಸುವುದು

ಮೊದಲ ಪ್ರದರ್ಶನ ಕತೆಯಲ್ಲಿ ಬರುವ ಮನೆಯವರಿಗೆ ಮಾತ್ರ. ಅವರು 'ಈ ಸಾಲು ಬೇಡ' ಅಂದರೆ ತೆಗೆಯಿರಿ, ವಾದ ಮಾಡಬೇಡಿ. ಆಮೇಲೆ ಎರಡು ಸಾರ್ವಜನಿಕ ಪ್ರದರ್ಶನ, ಒಂದು ಕ್ಯಾಂಪಿನ ಹಾಲ್‌ನಲ್ಲಿ, ಇನ್ನೊಂದು ಊರಿನ ಸಮುದಾಯ ಭವನದಲ್ಲಿ. ಬಾಡಿಗೆ ಪ್ರೊಜೆಕ್ಟರ್, ಬಿಳಿ ಪಂಚೆ, ಒಳ್ಳೆಯ ಸ್ಪೀಕರ್. ಭಾಷಣಕ್ಕೆ ಗಣ್ಯರನ್ನು ಕರೆದರೆ ಸಮಯವೆಲ್ಲ ಹಾರ ತುರಾಯಿಗೇ ಹೋಗುತ್ತದೆ. ಒಂದು ಕಡೆ ತುಕ್ಪಾ, ಇನ್ನೊಂದು ಕಡೆ ಮುದ್ದೆ ಸಾರು ಇರಲಿ, ಬಡಿಸುವವರು ಆ ಮಕ್ಕಳೇ ಆಗಲಿ. ನೋಡಿದವರಲ್ಲಿ 'ನಮ್ಮನೇಲೂ ಒಂದು ಕತೆ ಇದೆ' ಅನ್ನುವವರು ಬಂದೇ ಬರುತ್ತಾರೆ. ಬಾಗಿಲ ಹತ್ತಿರ ಒಂದು ನೋಟ್‌ಬುಕ್ ಇಟ್ಟು ಅವರ ಹೆಸರು, ಫೋನ್ ನಂಬರ್ ಬರೆಸಿಕೊಳ್ಳಿ.

ಇಂಟರ್‌ನೆಟ್‌ಗೆ ಹಾಕುವುದಾದರೆ ಮೊದಲು ಅನ್‌ಲಿಸ್ಟೆಡ್ ಮಾಡಿ, ಲಿಂಕ್ ಇದ್ದವರಿಗಷ್ಟೇ ಕಾಣಲಿ. ಸಾರ್ವಜನಿಕ ಮಾಡಿದರೆ ಕಾಮೆಂಟ್ ಮುಚ್ಚಿ. 'ಇವರನ್ನ ವಾಪಸ್ ಕಳಿಸಿ' ಅಂತ ಯಾರೋ ಎಲ್ಲೋ ಕೂತು ಬರೆಯುತ್ತಾರೆ. ಅದನ್ನು 17 ವರ್ಷದ ಹುಡುಗಿ ರಾತ್ರಿ ಒಬ್ಬಳೇ ಓದುವಂತಾಗಬಾರದು.

ಆಮೇಲೆ

ಶಿಬಿರ ಮುಗಿದ ತಿಂಗಳೊಳಗೆ ಇನ್ನೊಂದು ಭೇಟಿಯ ದಿನಾಂಕ ಅಲ್ಲೇ ಗೊತ್ತು ಮಾಡಿ. ಲೋಸರ್‌ಗೆ ಊರಿನವರು ಕ್ಯಾಂಪಿಗೆ, ಯುಗಾದಿಗೆ ಕ್ಯಾಂಪಿನವರು ಊರಿಗೆ. ಮುಂದಿನ ತಂಡಕ್ಕೆ ಕಲಿಸುವವರು ಈ ತಂಡದಿಂದಲೇ ಬರಲಿ. ಎರಡೂ ಕಡೆಯಿಂದ ಒಬ್ಬೊಬ್ಬರನ್ನು ಆರಿಸಿ, ಅವರ ಓಡಾಟದ ಖರ್ಚು ಮತ್ತು ಗೌರವಧನಕ್ಕೆ ಬಜೆಟ್‌ನಲ್ಲಿ ಮೊದಲೇ ಹಣ ತೆಗೆದಿಡಿ. ದಾನಿಗಳು ಕ್ಯಾಮೆರಾ ಕೊಡಿಸಲು ಮುಂದೆ ಬರುತ್ತಾರೆ, ಆಟೊ ಬಾಡಿಗೆಗೆ ಬರುವುದಿಲ್ಲ. ಆಟೊ ಬಾಡಿಗೆಗೇ ಕೇಳಿ.

ಕತೆಗಳ ಮೂಲ ಫೈಲು, ಹಿರಿಯರ ಧ್ವನಿಮುದ್ರಣ, ಬರೆದ ಪ್ರತಿ ಎಲ್ಲವನ್ನೂ ಎರಡು ಹಾರ್ಡ್ ಡಿಸ್ಕ್‌ಗೆ ಹಾಕಿ. ಒಂದು ಕ್ಯಾಂಪಿನ ಶಾಲೆಯಲ್ಲಿ, ಒಂದು ಊರಿನ ಶಾಲೆಯಲ್ಲಿ ಇರಲಿ. ಯಾವ ಕತೆಯನ್ನು ಎಲ್ಲಿಯವರೆಗೆ ತೋರಿಸಬಹುದು ಅನ್ನುವ ಪಟ್ಟಿಯನ್ನು ಅದರ ಜೊತೆಗೇ ಇಡಿ. ವರ್ಷಕ್ಕೊಮ್ಮೆ ಜೋಡಿಗಳಿಗೆ ಫೋನ್ ಮಾಡಿ, ಆ ಪಟ್ಟಿ ಈಗಲೂ ಸರಿ ಇದೆಯಾ ಅಂತ ಕೇಳಿ ತಿದ್ದಿ.